'ಮಿರಜಿಗೆ ಒಯ್ರಿ' ಎಂಬ ಮಾತಿನ ಹಿಂದಿನ ಡಾಕ್ಟರ್

ಮಿರಜ: ಜತ್ತ, ಅಥಣಿ ಕಡೆ ಹಳ್ಳಿಗಳಲ್ಲಿ ಜಡ್ಡು ಜೋರಾದರೆ ಇಂದಿಗೂ ಬರುವ ಮಾತು, 'ತಡಾ ಮಾಡಬ್ಯಾಡ್ರಿ, ಮಿರಜಿಗೆ ಒಯ್ರಿ'. ಈ ಮಾತಿನ ಬೇರು ಹುಡುಕಿದರೆ ಸಿಗುವವರು ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್‌ಲೆಸ್.

ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನಿಂದ 1889ರಲ್ಲಿ ಭಾರತಕ್ಕೆ ಬಂದ ಇವರು 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದರು. ಕ್ರೈಸ್ತ ಧರ್ಮ ಸಾರಲಿಕ್ಕೆಂದೇ ಬಂದವರು, ಅದನ್ನೇನೂ ಬಚ್ಚಿಟ್ಟವರಲ್ಲ. ಆ ಕಾರಣಕ್ಕೇ ಮೂಗು ಮುರಿಯುವವರು ಈಗಲೂ ಇದ್ದಾರೆ. ಇರಲಿ. ಆದರೆ ಮನೆಯವರೇ ಹೊರಗೆ ಹಾಕಿದ ಕುಷ್ಠರೋಗಿಗಳಿಗೆ ಆಸರೆ ಕೊಟ್ಟು, ಹುಣ್ಣು ತೊಳೆದು ಪಟ್ಟಿ ಕಟ್ಟಿದ್ದು ಇದೇ ಮಿಷನ್. ಕ್ಷಯ ರೋಗಿಗಳಿಗೆ ಸಾಂಗಲಿ-ಮಿರಜ ನಡುವೆ ಸ್ಯಾನಿಟೋರಿಯಂ ಆಯಿತು. ಆ ಊರಿಗೆ ವಾನ್‌ಲೆಸವಾಡಿ ಎಂದೇ ಹೆಸರು ಬಿತ್ತು.

ನನಗೆ ಇದಕ್ಕಿಂತ ದೊಡ್ಡದು ಕಾಣುವುದು 1897ರ ವೈದ್ಯಕೀಯ ಶಾಲೆ. ಆಪರೇಷನ್ ವಿದ್ಯೆ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರೆ ಹೆಸರೂ ಅವರಿಗೇ ಉಳಿಯುತ್ತಿತ್ತು. ಹಾಗೆ ಮಾಡದೆ ಇಲ್ಲಿನ ಹುಡುಗರಿಗೇ ಕಲಿಸಿದರು. ವಾನ್‌ಲೆಸ್ 1928ರಲ್ಲಿ ನಿವೃತ್ತರಾದರು, 'ಸರ್' ಪದವಿ ಬಂದದ್ದೂ ಅದೇ ವರ್ಷ. 1933ರಲ್ಲಿ ತೀರಿಕೊಂಡರು. ಡಾಕ್ಟರರು ಹೋದರೂ ದವಾಖಾನೆಗಳು ಬೆಳೆದವು. ಸರಕಾರಿ ವೈದ್ಯಕೀಯ ಕಾಲೇಜು 1962ರಲ್ಲಿ ಬಂದದ್ದೂ ಇದೇ ಊರಿಗೆ.

ಮಿರಜ ಸ್ಟೇಶನ್ನಿನಲ್ಲಿ ಗಂಟು ಹೊತ್ತು ಇಳಿದವರನ್ನು ಕಂಡರೆ ಸಾಕು, ಮರಾಠಿ ರಿಕ್ಷಾದವನೂ ಕನ್ನಡದಲ್ಲೇ ಕೇಳುತ್ತಾನೆ, 'ಯಾವ ದವಾಖಾನಿಗ್ರಿ?'