ಮರದ ಸಿಪಾಯಿಗಳ ಸಾಮ್ರಾಜ್ಯ

ಜಪಾನಿನ 'ಅನಿಮೆ' ಚಿತ್ರಕಥೆಗಳನ್ನು ನೋಡಿ ಬೆಳೆದ ತರುಣ ತರುಣಿಯರಲ್ಲಿ ಒಂದು ಆಟ ಬಳಕೆಯಲ್ಲಿದೆ. ನಾಲ್ಕಾರು ಮಂದಿ ಕೂಡುತ್ತಾರೆ. ಒಬ್ಬೊಬ್ಬರೂ ಒಂದೊಂದು ಕಥೆಯಿಂದ ತಮಗೆ ಪ್ರಿಯವಾದ ಪಾತ್ರವನ್ನು ಎತ್ತಿ ತರುತ್ತಾರೆ. ಆ ಪಾತ್ರದ ಬಾಯಿಂದಲೇ ನುಡಿಯುತ್ತ, ಒಬ್ಬರು ಬರೆದುದಕ್ಕೆ ಇನ್ನೊಬ್ಬರು ಮುಂದಿನದನ್ನು ಕೂಡಿಸುತ್ತ ಹೊಸ ಕಥೆಯೊಂದನ್ನು ಬೆಳೆಸುತ್ತಾರೆ. ಒಂದು ಲೋಕದ ವೀರನು ಮತ್ತೊಂದು ಲೋಕದ ಖಳನನ್ನು ಇದಿರಿಸುತ್ತಾನೆ. ಇಂಥ ಸಂಧಿ ಜಪಾನಿನ ಚಿತ್ರಗಳಿಗೂ ಹೊಸದಲ್ಲ. ಗೊ ನಾಗಾಯ್ ಸೃಷ್ಟಿಸಿದ ಮಾಜಿಂಗರ್ ಮತ್ತು ಡೆವಿಲ್‌ಮ್ಯಾನ್ 1973ರಲ್ಲಿಯೇ ಒಂದು ಚಿತ್ರದಲ್ಲಿ ಕೂಡಿದರು. ಆದರೆ ಅಲ್ಲಿ ಎರಡು ಪಾತ್ರಗಳಿಗೂ ತಂದೆ ಒಬ್ಬನೇ. ತಂದೆತಾಯಿಗಳು ಹಲವರಾದಾಗಲೇ ತೊಡಕು ಮೊದಲಾಗುವುದು.

ಇದನ್ನೆಲ್ಲ ಹುಡುಗಾಟವೆಂದು ತಳ್ಳಿಹಾಕುವ ಅಧ್ಯಾಪಕ ಮಿತ್ರರು ಇಂಗ್ಲೆಂಡಿನ ಯಾರ್ಕ್‌ಷೈರಿನ ಹಾವರ್ತ್ ಎಂಬ ಊರಿನ ಪಾದ್ರಿಯ ಮನೆಯೊಳಗೆ ಒಮ್ಮೆ ಇಣಿಕಿ ನೋಡಬೇಕು. ಆ ಮನೆಯ ತಾಯಿ 1821ರಲ್ಲಿಯೇ ತೀರಿಕೊಂಡಿದ್ದಳು. ಹಿರಿಯ ಹೆಣ್ಣುಮಕ್ಕಳಿಬ್ಬರು 1825ರಲ್ಲಿ ಹೋದರು. ಉಳಿದವರು ನಾಲ್ವರು: ಷಾರ್ಲೆಟ್, ಬ್ರಾನ್ವೆಲ್, ಎಮಿಲಿ, ಆ್ಯನ್. 1826ರ ಜೂನ್ ತಿಂಗಳಲ್ಲಿ ತಂದೆ ಪ್ಯಾಟ್ರಿಕ್ ಬ್ರಾಂಟೆ ಲೀಡ್ಸ್ ಪಟ್ಟಣದಿಂದ ಮಗನಿಗೆಂದು ಹನ್ನೆರಡು ಮರದ ಸಿಪಾಯಿಗಳನ್ನು ತಂದರು. ಬೆಳಗಾಗುತ್ತಲೇ ಹುಡುಗ ಪೆಟ್ಟಿಗೆಯನ್ನು ಹಿಡಿದು ಅಕ್ಕತಂಗಿಯರ ಕೋಣೆಗೆ ಓಡಿದ. ಹತ್ತು ವರ್ಷದ ಷಾರ್ಲೆಟ್ ಒಂದನ್ನು ಕಸಿದುಕೊಂಡು ಅದಕ್ಕೆ ವೆಲಿಂಗ್ಟನ್ ಎಂದು ಹೆಸರಿಟ್ಟಳು. ಬ್ರಾನ್ವೆಲ್ ತನ್ನದಕ್ಕೆ ಬೋನಪಾರ್ಟ್ ಎಂದು ಹೆಸರಿಟ್ಟ. ವಾಟರ್ಲೂ ಕದನ ನಡೆದು ಹನ್ನೊಂದು ವರ್ಷ ಕಳೆದಿತ್ತು. ಈ ಮನೆಯಲ್ಲಿ ಮಾತ್ರ ಅದು ಮತ್ತೆ ಹೂಡಿತು.

ಆ ಸಿಪಾಯಿಗಳು ಹಡಗನ್ನೇರಿ ಆಫ್ರಿಕದ ಪಶ್ಚಿಮ ತೀರಕ್ಕೆ ಹೋಗಿ 'ಗಾಜಿನ ಪಟ್ಟಣ'ವನ್ನು ಕಟ್ಟಿದರು. ನಾಲ್ವರಿಗೂ ಒಂದೊಂದು ರಾಜ್ಯ. ಎಮಿಲಿ, ಆ್ಯನ್ ಇಬ್ಬರೂ ಧ್ರುವಪ್ರದೇಶದ ಅನ್ವೇಷಕರಾದ ಪ್ಯಾರಿ ಮತ್ತು ರಾಸ್ ಅವರ ಹೆಸರುಗಳನ್ನು ಎರವು ತಂದರು. ಪತ್ರಿಕೆಯಲ್ಲಿ ಓದಿದ ಸೇನಾನಿ, ಪುಸ್ತಕದಲ್ಲಿ ಕಂಡ ನಾವಿಕ, ಅರಬ್ಬೀ ಕಥೆಗಳ ಜಿನ್ನಿ, ಎಲ್ಲರಿಗೂ ಅಲ್ಲಿ ಎಡೆಯಿತ್ತು. ಬ್ರಾನ್ವೆಲ್ ನಕ್ಷೆ ಬರೆದ. 1829ರ ಆರಂಭದಲ್ಲಿ ಒಂದು ಮಾಸಪತ್ರಿಕೆಯನ್ನೇ ಹೊರಡಿಸಿದ. ಆ ಪತ್ರಿಕೆಯ ಗಾತ್ರವಾದರೂ ಎಷ್ಟು? ಬೆಂಕಿಪೊಟ್ಟಣದಷ್ಟು! ಸಿಪಾಯಿಗಳ ಕೈಗೆ ಹೊಂದಬೇಕಲ್ಲ! ಇರುವೆಸಾಲಿನಂಥ ಆ ಅಕ್ಷರಗಳನ್ನು ಇಂದಿನ ವಿದ್ವಾಂಸರು ಭೂತಗನ್ನಡಿ ಹಿಡಿದು ಓದಬೇಕಾಗಿದೆ.

ಕೂಡಿ ಕಟ್ಟುವ ಕಥೆಗೆ ಕಟ್ಟಳೆ ಬೇಕೇ ಬೇಕು. ಸತ್ತವನು ಮರಳಿ ಬರಬಹುದೇ ಎಂಬುದು ಇಂದಿನ ತರುಣರು ತಮ್ಮ ಆಟಕ್ಕೆ ಮೊದಲೇ ತೀರ್ಮಾನಿಸಿಕೊಳ್ಳಬೇಕಾದ ಪ್ರಶ್ನೆಗಳಲ್ಲಿ ಒಂದು. ಬ್ರಾಂಟೆ ಮಕ್ಕಳು ಅದನ್ನು ಬಗೆಹರಿಸಿಕೊಂಡ ಬಗೆ ಸೊಗಸಾದದ್ದು. ತಾವು ನಾಲ್ವರೂ ಆ ಲೋಕದ ಜಿನ್ನಿಗಳಾದರು: ಟಾಲಿ, ಬ್ರಾನಿ, ಎಮಿ, ಆ್ಯನಿ. ರಣದಲ್ಲಿ ಬಿದ್ದವನನ್ನು ಬದುಕಿಸುವ ಅಧಿಕಾರ ಜಿನ್ನಿಗಳಿಗಿತ್ತು. ಮೂರು ಸಾವುಗಳನ್ನು ಕಂಡ ಮನೆಯ ಮಕ್ಕಳು ಮಾಡಿಕೊಂಡ ಈ ನಿಯಮವನ್ನು ಬರಿಯ ಆಟದ ಅನುಕೂಲವೆಂದು ಓದುವುದು ನನಗಂತೂ ಆಗದು.

ಅಷ್ಟಾದರೂ ಒಡಕು ತಪ್ಪಲಿಲ್ಲ. 1831ರಲ್ಲಿ ಷಾರ್ಲೆಟ್ ರೋಹೆಡ್ಡಿನ ಶಾಲೆಗೆ ಹೊರಟಳು. ಅಣ್ಣ ಅಕ್ಕಂದಿರ ನೆರಳಿನಲ್ಲಿ ಆಡಿ ಬೇಸತ್ತಿದ್ದ ಕಿರಿಯರಿಬ್ಬರು ಬೇರೆಯಾಗಿ, ಉತ್ತರ ಪೆಸಿಫಿಕ್ ಸಾಗರದಲ್ಲಿ 'ಗೊಂಡಾಲ್' ಎಂಬ ತಮ್ಮದೇ ದ್ವೀಪವನ್ನು ಕಲ್ಪಿಸಿಕೊಂಡರು. ಹಿರಿಯರಿಬ್ಬರು 1834ರಲ್ಲಿ 'ಆಂಗ್ರಿಯ' ರಾಜ್ಯವನ್ನು ಸ್ಥಾಪಿಸಿದರು. ಒಂದು ಮನೆ, ಎರಡು ಲೋಕ.

ಆಂಗ್ರಿಯದ ಜೀವಾಳವಿದ್ದುದು ಅದರ ಖಳನಲ್ಲಿ. ನಾಯಕ ಜಮೋರ್ನ ಷಾರ್ಲೆಟ್ಟಳವನು. ಅವನ ವೈರಿ, ನಾರ್ತ್ಯಾಂಗರ್‌ಲೆಂಡಿನ ಪ್ರಭು ಪರ್ಸಿ, ಬ್ರಾನ್ವೆಲ್ಲನವನು. ವೈರಿಯ ಮಗಳು ಮೇರಿಯೇ ನಾಯಕನ ಮಡದಿ. ಆದುದರಿಂದ ಇದು ಮಾವ ಅಳಿಯಂದಿರ ಜಗಳವೂ ಹೌದು, ಅಕ್ಕ ತಮ್ಮಂದಿರ ಪೈಪೋಟಿಯೂ ಹೌದು. ತಾನು ಸೃಷ್ಟಿಸಿದ ಪಾತ್ರವೇ ಗೆಲ್ಲಬೇಕೆಂದು ಎಲ್ಲರೂ ಹಟ ಹಿಡಿದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಸೋಲಲು ಒಪ್ಪಿ ಖಳನ ಪಾತ್ರವನ್ನು ಹೊರುವವನು ಒಬ್ಬನಾದರೂ ಬೇಕು. ಅವನಿಗೆ ಕೊಂಚ ಗೆಲುವನ್ನೂ ಬಿಟ್ಟುಕೊಡಬೇಕು. ಬ್ರಾನ್ವೆಲ್ ಆ ಗೆಲುವನ್ನು ಕೊಂಚಕ್ಕೆ ನಿಲ್ಲಿಸಲಿಲ್ಲ. 1836ರಲ್ಲಿ ಅಕ್ಕ ಅದೇ ರೋಹೆಡ್ಡಿನಲ್ಲಿ ಉಪಾಧ್ಯಾಯಿನಿಯಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಪಾಠ ಹೇಳುತ್ತಿದ್ದಾಗ, ಇತ್ತ ತಮ್ಮನು ಆಂಗ್ರಿಯದಲ್ಲಿ ಅಂತರ್ಯುದ್ಧವನ್ನೆಬ್ಬಿಸಿ, ಜಮೋರ್ನನನ್ನು ಗಡೀಪಾರು ಮಾಡಿಸಿ, ವಿರಹದಿಂದ ನವೆದ ಮೇರಿಯನ್ನು ಕೊಂದೇಬಿಟ್ಟ.

ಸುದ್ದಿ ಪತ್ರಮುಖೇನ ಹೋಗಬೇಕು. ಆ ದಿನಗಳ ಷಾರ್ಲೆಟ್ಟಳ ಖಾಸಗಿ ಬರಹವೊಂದರಲ್ಲಿ, ತಮ್ಮನು ರಾಣಿಯನ್ನು ನಿಜವಾಗಿಯೂ ಕೊಂದನೇ, ಅವಳನ್ನು ಮಣ್ಣು ಮಾಡಿದ್ದೂ ಆಯಿತೇ ಎಂಬ ತಳಮಳವಿದೆ. ಓದುವಾಗ ಅವಳು ಶೋಕಿಸುತ್ತಿರುವುದು ಕಾಗದದ ರಾಣಿಗೆಂಬುದು ಮರೆತುಹೋಗುತ್ತದೆ. ಮುಂದಿನ ಕಥೆಯಲ್ಲಿ ಅವಳು ಮೇರಿಯನ್ನು ಬದುಕಿಸಿದಳು. ಸಾವಿನ ವಾರ್ತೆ ಸುಳ್ಳೆಂದು ಬರೆದಳು! ತಮ್ಮನು ಕಟ್ಟಿದ್ದನ್ನು ಒಡೆಯದೆ, ಅವನ ಮಾತನ್ನೇ ಕಥೆಯೊಳಗಿನ ಒಂದು ಗಾಳಿಸುದ್ದಿಯಾಗಿ ತಿರುಗಿಸಿದ ಈ ಜಾಣ್ಮೆ ಯಾವ ಅಲಂಕಾರಶಾಸ್ತ್ರದಲ್ಲಿಯೂ ಹೇಳಿಲ್ಲ.

1839ರ ಸುಮಾರಿಗೆ ಷಾರ್ಲೆಟ್ ಆಂಗ್ರಿಯಕ್ಕೆ ವಿದಾಯ ಹೇಳಿ ಒಂದು ಪುಟ್ಟ ಬರಹವನ್ನು ಬರೆದಳು. 'ಜೇನ್ ಏರ್' ಮತ್ತು ಎಮಿಲಿಯ 'ವುದರಿಂಗ್ ಹೈಟ್ಸ್' ಎರಡೂ 1847ರಲ್ಲಿ ಹೊರಬಂದವು. ರಾಚೆಸ್ಟರನ ಗತ್ತಿನಲ್ಲಿ ಜಮೋರ್ನನನ್ನು ಗುರುತಿಸುವುದು ಕಷ್ಟವಲ್ಲ. ಆ ಖಳರ ಸಹವಾಸದಲ್ಲಿ ಹದಿಮೂರು ವರ್ಷ ಕಳೆದ ಬ್ರಾನ್ವೆಲ್ಲನಿಂದ ಮಾತ್ರ ಅಂಥ ಕಾದಂಬರಿ ಬರಲಿಲ್ಲ. 1848ರಲ್ಲಿ ಅವನು ತೀರಿಕೊಂಡ.

ಗೊಂಡಾಲಿನ ಆಟ ಹೆಚ್ಚು ಕಾಲ ಬಾಳಿತು. 1845ರ ಬೇಸಗೆಯಲ್ಲಿ ಎಮಿಲಿ ಮತ್ತು ಆ್ಯನ್ ಯಾರ್ಕ್ ನಗರಕ್ಕೆ ಪ್ರವಾಸ ಹೋದರು. ಎಮಿಲಿಗೆ ಆಗ ಇಪ್ಪತ್ತಾರು ತುಂಬಿತ್ತು. ದಾರಿಯುದ್ದಕ್ಕೂ ತಾವು ಗೊಂಡಾಲಿನ ರಾಜಕುಮಾರರೂ ರಾಜಕುಮಾರಿಯರೂ ಆಗಿದ್ದೆವೆಂದು, ಒಬ್ಬೊಬ್ಬರ ಹೆಸರನ್ನೂ ಹೇಳಿ, ಅವಳು ಉತ್ಸಾಹದಿಂದ ದಿನಚರಿಯ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ. ಅದೇ ಹೊತ್ತಿಗೆ ಆ್ಯನ್ ಬರೆದ ಹಾಳೆಯಲ್ಲಿ, ಗೊಂಡಾಲಿನವರು ಈಗ ಆಟಕ್ಕೆ ಅಷ್ಟು ಒದಗುತ್ತಿಲ್ಲ, ಮುಂದೆ ಸುಧಾರಿಸುವರೋ ಏನೋ ಎಂದಿದೆ. ಇಬ್ಬರೂ ಕೂಡಿ ಕಟ್ಟಿದ ಆ ಗದ್ಯಕಥೆಗಳಲ್ಲಿ ಒಂದೂ ಉಳಿದಿಲ್ಲ. ಕವಿತೆಗಳು ಮಾತ್ರ ದೊರೆಯುತ್ತವೆ.