ಸತ್ತ ಮೇಲೆ ಕೇಸು ಒಪ್ಪಿಸಿದ ಸಾಹುಕಾರ

ಅಗಾಥಾ ಕ್ರಿಸ್ಟಿಯ ಕಾದಂಬರಿಗಳಲ್ಲಿ ಸಿರಿವಂತ ಮುದುಕರಿಗೆ ಆಯಸ್ಸು ಕಡಿಮೆ. ವಜ್ರದಲ್ಲಿ ದುಡ್ಡು ಮಾಡಿದ ಸಿಮಿಯನ್ ಲೀ, ಉದ್ಯಮಿ ರೆಕ್ಸ್ ಫೋರ್ಟೆಸ್ಕ್ಯೂ ಇಬ್ಬರೂ ಕೊಲೆಯಾಗುತ್ತಾರೆ, ಮನೆಮಂದಿಯ ಮೇಲೆಲ್ಲ ಅನುಮಾನ. ಜೇಸನ್ ರಫೀಲ್ ಈ ಸಾಲಿಗೆ ಸೇರದ ಕುಬೇರ. ಪತ್ತೇದಾರಿ ಕಥೆಗಳ ಶ್ರೀಮಂತರಲ್ಲಿ ನನಗೆ ಅತ್ಯಂತ ಪ್ರಿಯನಾದವನು ಇವನೇ.

1964ರ ‘ಎ ಕೆರಿಬಿಯನ್ ಮಿಸ್ಟರಿ’ಯಲ್ಲಿ ಅವನು ಗಾಲಿಕುರ್ಚಿ ಹಿಡಿದಿದ್ದಾನೆ. ಕಾರ್ಯದರ್ಶಿ ಎಸ್ತರ್, ಆರೈಕೆಗಾರ ಜಾಕ್ಸನ್ ಇಬ್ಬರ ಮೇಲೂ ಸದಾ ಸಿಡಿಮಿಡಿ. ಒಂದು ರಾತ್ರಿ ಗುಲಾಬಿ ಉಣ್ಣೆಯ ಸ್ಕಾರ್ಫ್ ಸುತ್ತಿಕೊಂಡ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಬಂದು ಅವನನ್ನು ಎಬ್ಬಿಸುತ್ತಾಳೆ: ಇನ್ನೊಂದು ಕೊಲೆ ತಡೆಯಬೇಕು, ತಾನೇ ಪ್ರತೀಕಾರದ ದೇವತೆ ನೆಮೆಸಿಸ್! ಮೊದಲು ರೇಗಿದರೂ, ಈಕೆ ಹೇಳಿದಂತೆ ಮಾಡು ಎಂದು ಜಾಕ್ಸನ್‌ನನ್ನು ಅವಳ ಜೊತೆ ಕಳಿಸುತ್ತಾನೆ. ಹೆಣಿಗೆಯ ಅಜ್ಜಿ ಎಂದು ಉಳಿದವರು ಕಡೆಗಣಿಸಿದವಳ ಬುದ್ಧಿಗೆ ಬೆಲೆ ಕಟ್ಟಿದವನು ಅವನು.

1971ರ ‘ನೆಮೆಸಿಸ್’ ಶುರುವಾಗುವ ಹೊತ್ತಿಗೆ ರಫೀಲ್ ತೀರಿಕೊಂಡಿದ್ದಾನೆ. ವಕೀಲರ ಮೂಲಕ ಮಿಸ್ ಮಾರ್ಪಲ್‌ಗೆ ಅವನ ಒಂದು ಕಾಗದ ಬರುತ್ತದೆ. ಒಂದು ಪ್ರಕರಣ ಬಿಡಿಸಿದರೆ 20,000 ಪೌಂಡ್. ಯಾವ ಪ್ರಕರಣ ಎಂಬುದನ್ನು ಮಾತ್ರ ಬರೆದಿಲ್ಲ. ತೋಟ–ಬಂಗಲೆಗಳ ಬಸ್ ಪ್ರವಾಸಕ್ಕೆ ಅವನೇ ಹಣ ಕಟ್ಟಿರುತ್ತಾನೆ. ದಾರಿ ಕೊನೆಗೆ ಮುಟ್ಟುವುದು ಅವನ ಮಗ ಮೈಕೆಲ್‌ನ ಹತ್ತಿರ. ಮಗ ಕೈಲಾಗದವನೆಂದು ಅಪ್ಪನಿಗೆ ಗೊತ್ತು. ಆದರೂ ಮಾಡದ ಕೊಲೆಯ ಹೊರೆ ಹೊರಬಾರದು. ತೀರ್ಪನ್ನು ದುಡ್ಡು ಕೊಟ್ಟು ಕೊಳ್ಳಲು ಹೋಗದೆ, ಸತ್ಯ ಹುಡುಕುವ ಕೆಲಸಕ್ಕೆ ಹಣ ಇಟ್ಟದ್ದೇ ರಫೀಲನ ದೊಡ್ಡತನ.

ಕಿರುತೆರೆ ಈ ಕ್ರಮವನ್ನು ತಿರುವುಮುರುವು ಮಾಡಿತು. ಜೋನ್ ಹಿಕ್ಸನ್ ನಟಿಸಿದ ಬಿಬಿಸಿ ಸರಣಿಯಲ್ಲಿ ‘ನೆಮೆಸಿಸ್’ ಬಂದದ್ದು 1987ರಲ್ಲಿ, ‘ಕೆರಿಬಿಯನ್’ 1989ರಲ್ಲಿ. ಐಟಿವಿಯೂ ಅದನ್ನೇ ಮಾಡಿತು. ಅಲ್ಲಿ ‘ಕೆರಿಬಿಯನ್’ ಬಂದದ್ದು 2013ರಲ್ಲಿ. ಡೊನಾಲ್ಡ್ ಪ್ಲೆಸೆನ್ಸ್, ಆಂಟನಿ ಶೇರ್ ಅವರಂಥ ಘಟಾನುಘಟಿ ನಟರು ರಫೀಲನಾದರೂ, ಅವನು ಸತ್ತ ಕಥೆ ಮೊದಲೇ ಮುಗಿದಿತ್ತು. ಆ ರಾತ್ರಿಯ ಭೇಟಿಯನ್ನು ಕಾಣದ ಪ್ರೇಕ್ಷಕನಿಗೆ, ಅಷ್ಟು ದೊಡ್ಡ ಹೊಣೆಯನ್ನು ಅವನು ಈ ಅಜ್ಜಿಗೇ ಏಕೆ ಒಪ್ಪಿಸಿದ ಎಂಬುದು ಮನಸ್ಸಿಗೆ ತಟ್ಟುವುದಾದರೂ ಹೇಗೆ?

ಹಾಗಾಗಿ ಎರಡೂ ಕಾದಂಬರಿಗಳನ್ನು ಬರೆದ ಕ್ರಮದಲ್ಲೇ ಓದಿ. ‘ನೆಮೆಸಿಸ್’ನ ಕೊನೆಗೆ, ಆ ಹಣವನ್ನು ಜೋಪಾನವಾಗಿ ಹೂಡಿಕೆ ಮಾಡಿ ಎನ್ನುವ ವಕೀಲರ ಸಲಹೆಯನ್ನು ಮಿಸ್ ಮಾರ್ಪಲ್ ತಳ್ಳಿಹಾಕುತ್ತಾಳೆ: ಇದು ಖರ್ಚು ಮಾಡಿ ಸುಖಪಡಲು ಬಂದ ದುಡ್ಡು. ರಫೀಲ್ ಇದ್ದಿದ್ದರೆ ಖಂಡಿತ ಮೆಚ್ಚುತ್ತಿದ್ದ.