ಗಿಟಾರಿನ ಹಲಗೆಯಲ್ಲಿ ಬಿಲ್ಲು ಬಾಣ

ಮಳಖೇಡದ ಹಾಳುಕೋಟೆಯ ಮೇಲೆ ನಿಂತು ಕಾಗಿಣೆಯ ಹರಿವನ್ನು ನೋಡುವವರಿಗೆ ರಾಷ್ಟ್ರಕೂಟರ ನೆನಪಾಗುವುದು ಸಹಜ. ವಿದ್ಯುತ್ ಗಿಟಾರಿನ ನೆನಪಾಗುವುದಕ್ಕೆ ಕಾರಣವೇ ಇಲ್ಲವೆನ್ನಬೇಕು. ಆದರೂ ಇವೆರಡರ ನಡುವೆ ಒಂದು ನಂಟುಂಟು. ಅದು ಇತಿಹಾಸದ ನಂಟಲ್ಲ, ಲೆಕ್ಕದ ನಂಟು.

ಗಿಟಾರಿನ ಕೊರಳ ಮೇಲೆ ಬೆರಳಾಡುವ ಹಲಗೆಗೆ ಫ್ರೆಟ್‌ಬೋರ್ಡ್ ಎಂದು ಹೆಸರು. ದೂರಕ್ಕೆ ಅದು ಚಪ್ಪಟೆಯಾಗಿ ತೋರಿದರೂ ಅಡ್ಡಲಾಗಿ ಪರೀಕ್ಷಿಸಿದರೆ ನಡು ಉಬ್ಬಿ, ಅಂಚುಗಳು ತಗ್ಗಿರುವುದು ಗೋಚರವಾಗುತ್ತದೆ. ಈ ಉಬ್ಬು ಒಂದು ದೊಡ್ಡ ವೃತ್ತದ ತುಣುಕು. ಆ ವೃತ್ತದ ತ್ರಿಜ್ಯವನ್ನೇ ವಾದಕರು ‘ರೇಡಿಯಸ್’ ಎನ್ನುತ್ತಾರೆ. ತ್ರಿಜ್ಯ ಕಿರಿದಾದಷ್ಟೂ ಉಬ್ಬು ಹೆಚ್ಚು. ಹಿರಿದಾದಷ್ಟೂ ಹಲಗೆ ಚಪ್ಪಟೆ. 1954ರಲ್ಲಿ ಹೊರಬಂದ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರಿಗೆ 7¼ ಇಂಚಿನ ತ್ರಿಜ್ಯವಿತ್ತು. ಅದೇ ಕಂಪನಿಯ ಈಚಿನ ಅನೇಕ ವಾದ್ಯಗಳಿಗೆ 9½ ಇಂಚು. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಗೆ 12 ಇಂಚು. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸಿದ್ಧವಾದ ಮೊದಮೊದಲಿನ ವಿದ್ಯುತ್ ಗಿಟಾರುಗಳಿಗಾದರೋ ಈ ಚಿಂತೆಯೇ ಇರಲಿಲ್ಲ. ಅವು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ಹವಾಯಿ ಬಗೆಯವು. ಸರಳು ನೇರವಾದದ್ದು; ಆದುದರಿಂದ ತಂತಿಗಳೂ ಒಂದೇ ಸಮತಲದಲ್ಲಿರಬೇಕಾಗಿತ್ತು.

ಕೂದಲೆಳೆಯಷ್ಟರ ಈ ಏರುತಗ್ಗಿನಿಂದ ಏನು ಮಹಾ ವ್ಯತ್ಯಾಸವೆಂದು ವಾಚಕರು ಕೇಳಬಹುದು. ತೋರುಬೆರಳನ್ನು ಅಡ್ಡಲಾಗಿಟ್ಟು ಆರೂ ತಂತಿಗಳನ್ನು ಒಮ್ಮೆಗೇ ಒತ್ತುವವನಿಗೆ ಉಬ್ಬುಹಲಗೆ ಹಿತ. ಆದರೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಏರಿಸುವವನಿಗೆ ಅದೇ ಹಲಗೆ ಶತ್ರುವಾಗುತ್ತದೆ. ಅಂಚಿನಲ್ಲಿರುವ ತೆಳುತಂತಿ ನಡುವಿನ ದಿಣ್ಣೆಯ ಕಡೆಗೆ ಸರಿದಾಗ ಮುಂದಿನ ಮೆಟ್ಟಿಲುಗಳನ್ನು ಸೋಕುತ್ತದೆ. ನಾದ ಅಲ್ಲಿಯೇ ಉಸಿರುಗಟ್ಟಿ ಅಡಗುತ್ತದೆ. ತಂತಿಯನ್ನು ಎತ್ತರಿಸಿ ಕಟ್ಟಿದರೆ ಈ ದೋಷ ಹೋದೀತು. ಆಗ ಬೆರಳಿಗೆ ಶ್ರಮ. ನಮ್ಮ ವೀಣೆಯನ್ನು ನೋಡಿರಿ. ಮೇಣದ ಮೇಲೆ ಕೂರಿಸಿದ ಅದರ 24 ಮೆಟ್ಟಿಲುಗಳ ನೆತ್ತಿ ಅಡ್ಡಲಾಗಿ ನೇರವಾಗಿರುತ್ತದೆ, ಬಾಗಿರುವುದಿಲ್ಲ. ವೈಣಿಕನು ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಎರಡು ಮೂರು ಸ್ವರಗಳಷ್ಟು ಏರಿದರೂ ಅದಕ್ಕೆ ಅಡ್ಡಿಯಾಗುವ ದಿಣ್ಣೆಯಿಲ್ಲ. ಗಮಕವೇ ಪ್ರಾಣವಾದ ಸಂಗೀತಕ್ಕೆ ತಕ್ಕ ರಚನೆಯೆಂದರೆ ಇದು. ಗಿಟಾರಿನಲ್ಲಿ ರಾಗವನ್ನು ನುಡಿಸಹೊರಟವರು ಮೊದಲು ವಿಚಾರಿಸಬೇಕಾದದ್ದು ವಾದ್ಯದ ಬಣ್ಣವನ್ನಲ್ಲ, ಈ ತ್ರಿಜ್ಯವನ್ನು.

ಅಂಥ ಹಂಬಲವುಳ್ಳ ನನ್ನ ವಿದ್ಯಾರ್ಥಿಯೊಬ್ಬನಿಗೆ ಯಾರೋ ಹಳೆಯ ಗಿಟಾರೊಂದನ್ನು ತೋರಿಸಿ, ಹನ್ನೆರಡು ಇಂಚಿನದೆಂದು ಹೇಳಿ ಬೆಲೆ ಕಟ್ಟಿದ್ದರು. ನಿಜವೋ ಸುಳ್ಳೋ ತಿಳಿಯುವುದು ಹೇಗೆ? ವೃತ್ತದ ಕೇಂದ್ರವೋ ಹಲಗೆಯಿಂದ ಗೇಣುದೂರ ಆಚೆ, ಗಾಳಿಯಲ್ಲಿದೆ. ಅಲ್ಲಿಗೆ ಅಳತೆಪಟ್ಟಿ ತಾಗುವುದಿಲ್ಲ.

ಇಲ್ಲಿಯೇ ನಮ್ಮ ಪೂರ್ವಿಕರು ನೆರವಿಗೆ ಬರುತ್ತಾರೆ. ವೃತ್ತದ ತುಣುಕನ್ನು ಅವರು ಬಿಲ್ಲೆಂದು ಕರೆದರು; ಅದರ ಎರಡು ತುದಿಗಳನ್ನು ಸೇರಿಸುವ ಗೆರೆ ನಾಣು; ನಾಣಿನ ನಡುವಿನಿಂದ ಬಿಲ್ಲಿನ ನಡುವಿಗೆ ಇರುವ ಎತ್ತರ ಬಾಣ. ಅರ್ಧ ನಾಣಿನ ವರ್ಗವು ಎರಡು ಕಡೆಯ ಬಾಣಗಳ ಗುಣಲಬ್ಧಕ್ಕೆ ಸಮವೆಂದು ಆರ್ಯಭಟನು 499ರಷ್ಟು ಹಿಂದೆಯೇ ಹೇಳಿದ್ದಾನೆ. ಎಂದರೆ, ಅರ್ಧ ನಾಣಿನ ವರ್ಗವನ್ನು ಬಾಣದಿಂದ ಭಾಗಿಸಿ, ಬಂದುದಕ್ಕೆ ಬಾಣವನ್ನು ಕೂಡಿಸಿದರೆ ವ್ಯಾಸ. ಅದರ ಅರ್ಧ ತ್ರಿಜ್ಯ.

ಹಲಗೆಯ ಅಗಲ ಹನ್ನೆರಡನೆಯ ಫ್ರೆಟ್ಟಿನ ಬಳಿ ಸಾಮಾನ್ಯವಾಗಿ 52 ಮಿಲಿಮೀಟರಿನಷ್ಟು. ತಂತಿಗಳನ್ನು ಬಿಚ್ಚಿ, ಎರಡು ಫ್ರೆಟ್ಟುಗಳ ನಡುವೆ ಉಕ್ಕಿನ ಅಳತೆಪಟ್ಟಿಯೊಂದನ್ನು ಅಡ್ಡಲಾಗಿ ನಿಲ್ಲಿಸಿದೆವು. ನೆತ್ತಿಯಿಂದ ಎರಡೂ ಕಡೆ 24 ಮಿಲಿಮೀಟರ್ ದೂರದಲ್ಲಿ ಉಳಿದ ಸಂದನ್ನು ಮೋಟಾರು ರಿಪೇರಿಯವರಿಂದ ತಂದ ಫೀಲರ್ ಗೇಜಿನ ಎಲೆಗಳಿಂದ ಅಳೆದಾಗ 1.2 ಮಿಲಿಮೀಟರ್ ಬಂದಿತು. ಪಟ್ಟಿ ಓಲಾಡದಂತೆ, ಎರಡು ಸಂದುಗಳೂ ಸಮನಾಗುವಂತೆ ಹಿಡಿಯುವುದೇ ಇಲ್ಲಿ ಕಷ್ಟದ ಕೆಲಸ. 24ರ ವರ್ಗ 576, 1.2ರಿಂದ ಭಾಗಿಸಿದರೆ 480, 1.2 ಕೂಡಿಸಿದರೆ ವ್ಯಾಸ 481.2, ತ್ರಿಜ್ಯ 240.6 ಮಿಲಿಮೀಟರ್. ಸುಮಾರು ಒಂಬತ್ತೂವರೆ ಇಂಚು! ಹನ್ನೆರಡು ಇಂಚಿನದಾಗಿದ್ದರೆ ಸಂದು 0.95 ಇರಬೇಕಾಗಿತ್ತು, ಏಳೂಕಾಲಿನದಾಗಿದ್ದರೆ 1.57. ಹುಡುಗ ಆ ವಾದ್ಯವನ್ನು ಕೊಳ್ಳಲಿಲ್ಲ.

ಇನ್ನು ಮಳಖೇಡದ ಮಾತು. ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲವೆಂದೊಡನೆ ಕನ್ನಡ ಓದಿದ ನಮ್ಮಂಥವರು ‘ಕವಿರಾಜಮಾರ್ಗ’ವನ್ನು ಹೇಳಿ ಸುಮ್ಮನಾಗುತ್ತೇವೆ. ಅದೇ ದೊರೆಯನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಸುಮಾರು 850ರಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಕ್ಷೇತ್ರಗಣಿತದಲ್ಲಿ ಮೃದಂಗದ ಆಕಾರಕ್ಕೂ ಪಣವದ ಆಕಾರಕ್ಕೂ ಲೆಕ್ಕ ಕೊಟ್ಟ ರಸಿಕ ಆತ. ಬಿಲ್ಲಿನ ಉದ್ದಕ್ಕೆ ಅವನು ಎರಡು ಸೂತ್ರಗಳನ್ನು ಹೇಳುತ್ತಾನೆ: ಬಾಣದ ವರ್ಗದ ಐದು ಪಾಲಿಗೆ ನಾಣಿನ ವರ್ಗವನ್ನು ಸೇರಿಸಿ ಮೂಲ ತೆಗೆದರೆ ವ್ಯಾವಹಾರಿಕ ಫಲ, ಐದರ ಬದಲು ಆರು ಪಾಲಾದರೆ ಸೂಕ್ಷ್ಮ ಫಲ. ಪೂರ್ಣ ಅರ್ಧವೃತ್ತಕ್ಕೆ ಸೂಕ್ಷ್ಮವೇ ಸತ್ಯಕ್ಕೆ ಹತ್ತಿರ. ನಮ್ಮ ಗಿಟಾರಿಗೆ ಹಚ್ಚಿದಾಗ ಮಾತ್ರ ವಿನೋದವೊಂದು ಕಾದಿತ್ತು. ಬಿಲ್ಲಿನ ನಿಜವಾದ ಉದ್ದ 48.080 ಮಿಲಿಮೀಟರ್; ವ್ಯಾವಹಾರಿಕ ಸೂತ್ರದಿಂದ 48.075, ಸೂಕ್ಷ್ಮ ಸೂತ್ರದಿಂದ 48.090. ಬಾಗು ಇಷ್ಟು ಅಲ್ಪವಾದಲ್ಲಿ ಒರಟು ಲೆಕ್ಕವೇ ಗೆದ್ದಿತು! ಇಷ್ಟು ಸಣ್ಣ ಅಂತರದಿಂದ ವಾದ್ಯ ಮಾಡುವವನಿಗೆ ಲಾಭವಿಲ್ಲ, ನಿಜ. ಹಳೆಯ ಸೂತ್ರವನ್ನು ಹೊಸ ವಸ್ತುವಿನ ಮೇಲೆ ಒರೆಹಚ್ಚಿ ನೋಡುವ ಸುಖವೇ ಬೇರೆ.

ಅಳತೆಯಲ್ಲಿ ಒಂದು ಅಪಾಯವನ್ನು ಹೇಳದೆ ಬಿಡಬಾರದು. ಬಾಣವು ಅತಿ ಕಿರಿದಾದುದರಿಂದ ಅದರಲ್ಲಿ 0.1 ಮಿಲಿಮೀಟರ್ ತಪ್ಪಿದರೆ ತ್ರಿಜ್ಯ ಮುಕ್ಕಾಲು ಇಂಚಿನಷ್ಟು ಹೆಚ್ಚುಕಡಮೆಯಾಗುತ್ತದೆ. ಇಷ್ಟು ಸಾಲದೆಂಬಂತೆ ಕೆಲವು ಹಲಗೆಗಳಿಗೆ ತಲೆಯ ಕಡೆ 10 ಇಂಚು, ಬುಡದ ಕಡೆ 16 ಇಂಚು ಎಂದು ತ್ರಿಜ್ಯವೇ ಬದಲಾಗುತ್ತ ಹೋಗುತ್ತದೆ. ಅವು ಶಂಕುವಿನ ತುಣುಕುಗಳು. ಆದಕಾರಣ ಬಲ್ಲವರು ಅಳೆಯುವುದಕ್ಕಿಂತ ಹೋಲಿಸುವುದನ್ನೇ ನೆಚ್ಚುತ್ತಾರೆ. ದಪ್ಪ ರಟ್ಟಿನ ಮೇಲೆ ಕೈವಾರದಿಂದ, ಕೈವಾರ ಸಾಲದಿದ್ದರೆ ಮೊಳೆ ಮತ್ತು ಹಿಗ್ಗದ ದಾರದಿಂದ, 184, 241, 305 ಮಿಲಿಮೀಟರಿನ ಕಮಾನುಗಳನ್ನು ಬರೆದು ಒಳಬಾಗಿನ ಅಚ್ಚುಗಳನ್ನು ಕತ್ತರಿಸಿಕೊಳ್ಳಬೇಕು. ಒಂದೊಂದನ್ನೇ ಹಲಗೆಯ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಹಲಗೆ ಅಚ್ಚಿಗಿಂತ ಚಪ್ಪಟೆ. ಅಂಚುಗಳಲ್ಲಿ ಕಂಡರೆ ಅಚ್ಚಿಗಿಂತ ಉಬ್ಬು. ಎಲ್ಲಿಯೂ ಬೆಳಕು ನುಸುಳದಿದ್ದರೆ ಅಚ್ಚಿನ ಮೇಲೆ ಬರೆದ ಅಂಕೆಯೇ ಆ ವಾದ್ಯದ ತ್ರಿಜ್ಯ.